ಅಗಸರ ಮನೆಗೆ ಹೋದ ಕೋಟು

ಹೋದ ವಾರ ಶಾಲೆಯ ಹಾಲಿನಲ್ಲಿ ಡ್ರಾಯಿಂಗ್ ಮಾಸ್ತರರಿಗೆ ದುಃಖಸೂಚಕ ಸಭೆ ಇತ್ತು. ಹೆಂಗಸರಿಗೆಂದು ಹಿಂದೆ ಒಂದು ಜಮಖಾನೆ ಹಾಸಿದ್ದರು. ಮುಂದೆ ಕುರ್ಚಿಯ ಮೇಲೆ ಅವರ ಫೋಟೋ. ಅದಕ್ಕೆ ಹಾಕಿದ ನೂಲಿನ ಹಾರ ಪದೇ ಪದೇ ಜಾರಿ ಮುಖ ಮುಚ್ಚುತ್ತಿತ್ತು, ಜವಾನ ಎದ್ದೆದ್ದು ಸರಿಪಡಿಸುತ್ತಿದ್ದ. ನಮ್ಮವರು ಈಗ ಆ ಶಾಲೆಯ ಹೆಡ್‌ಮಾಸ್ತರರು, ಹಾಗಾಗಿ ಮೊದಲ ಭಾಷಣ ಅವರದೇ. ಗಂಟಲು ಸರಿಮಾಡಿಕೊಂಡು, "ದೇಶ ಕರೆದಾಗ ಈ ಮಹನೀಯರು ರೇಶ್ಮೆಯ ರುಮಾಲು, ಉಣ್ಣೆಯ ಕೋಟು, ಪಂಪ್‌ಶೂ ಎಲ್ಲವನ್ನೂ ಒಂದೇ ದಿನದಲ್ಲಿ ಬಿಟ್ಟರು. ಖಾದಿ ತೊಟ್ಟರು, ಬರಿಗಾಲಲ್ಲಿ ನಡೆದರು" ಎಂದರು. ಜನ ಚಪ್ಪಾಳೆ ಹೊಡೆದರು. ದುಃಖಸೂಚಕ ಸಭೆಯಲ್ಲಿ ಚಪ್ಪಾಳೆ ಹೊಡೆಯಬಾರದೆಂದು ಯಾರಿಗೂ ನೆನಪಾಗಲಿಲ್ಲ.

ನಾನು ಜಮಖಾನೆಯ ಅಂಚಿನ ದಾರ ಕೀಳುತ್ತ ಕುಳಿತೆ. ಒಂದೇ ದಿನದಲ್ಲಿ ಬಿಟ್ಟದ್ದು ನಿಜ. ಆದರೆ ಕರೆದದ್ದು ದೇಶವಲ್ಲ. ಅವರು ಯಾಕೆ ಬಿಟ್ಟರೆಂಬುದು ಈ ಧಾರವಾಡದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬಳು ಜಮಖಾನೆಯ ಮೇಲೆ ಕುಳಿತಿದ್ದಳು, ಇನ್ನೊಬ್ಬರು ಭಾಷಣ ಮಾಡುತ್ತಿದ್ದರು.

ಈಗಿನ ಹುಡುಗರು ಬುಶ್‌ಶರ್ಟನ್ನು ಪ್ಯಾಂಟಿನ ಹೊರಗೆ ಇಳಿಬಿಟ್ಟುಕೊಂಡು, ಎದೆಯ ಎರಡು ಗುಂಡಿ ತೆರೆದುಕೊಂಡು ಪೇಟೆಗೆ ಹೊರಡುತ್ತಾರೆ. ನೋಡಿದಾಗೆಲ್ಲ ನನಗೆ, ಪಾಪ, ಅರ್ಧ ಉಟ್ಟುಕೊಂಡೇ ಮನೆಯಿಂದ ಓಡಿ ಬಂದರೇನೋ ಅನ್ನಿಸುತ್ತದೆ. ನಾನು ಲಗ್ನವಾಗಿ ಧಾರವಾಡಕ್ಕೆ ಬಂದ ಕಾಲದಲ್ಲಿ ಗಂಡಸರು ಹೊರಗೆ ಹೊರಡುವುದೆಂದರೆ ಒಂದು ಸಂಭ್ರಮ. ನೀಟಾಗಿ ಕಚ್ಚೆ ಹಾಕಿದ ಧೋತರ, ಮೇಲೆ ಕೋಟು, ತಲೆಗೆ ಕರಿ ಟೊಪ್ಪಿಗೆ ಇಲ್ಲವೆ ರುಮಾಲು. ಬರಿತಲೆಯಲ್ಲಿ ಹೊರಟರೆ ಮನೆಯಲ್ಲಿ ಯಾರು ಸತ್ತರೆಂದು ಕೇಳುತ್ತಿದ್ದರು. ಕಾಲಿಗೆ ಕೊಲ್ಹಾಪುರಿ ಕೆರವು ಕರ್ ಕರ್ ಎನ್ನಬೇಕು. ಸದ್ದು ಬರದ ಕೆರವನ್ನು ತಿರುಗಿ ಒಯ್ದು, "ಇದು ಮಾತಾಡವಲ್ದಲ್ಲೋ" ಎಂದು ಜಗಳ ತೆಗೆದವರನ್ನು ನಾನು ಕಂಡಿದ್ದೇನೆ. ನಮಗೆ ಹೆಂಗಸರಿಗೆ ಇಳಕಲ್ಲ ಸೀರೆ, ಖಣದ ಕುಬುಸ, ಮುಂದೆ ಗಂಟು. ಕಾಲಿಗೆ ಏನೂ ಇಲ್ಲ. ಹೆಂಗಸಿಗೆ ಕಾಲುಂಗುರ ಇದ್ದರೆ ಸಾಕು, ಕೆರವು ಯಾಕೆ ಎಂಬ ಲೆಕ್ಕ.

ಅಂಥ ಊರಿನಲ್ಲೂ ಜನ ತಿರುಗಿ ನಿಂತು ನೋಡುತ್ತಿದ್ದುದು ಡ್ರಾಯಿಂಗ್ ಮಾಸ್ತರರನ್ನು. ನಮ್ಮ ಚಾಳಿನಲ್ಲಿ ಮೇಲೆ ಅವರದೊಂದೇ ಖೋಲಿ, ಕೆಳಗೆ ನಮ್ಮವರದು. ಇಬ್ಬರೂ ಒಂದೇ ಶಾಲೆಯ ಮಾಸ್ತರರು. ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಇದ್ದದ್ದೆಲ್ಲ ಮೈಮೇಲೆಯೇ. ಕನ್ನಡಿಯಂತೆ ಹೊಳೆಯುವ ಕರಿ ಪಂಪ್‌ಶೂ, ಮೊಣಕಾಲಿನವರೆಗೆ ಕಾಲುಚೀಲ, ಅದು ಜಾರದಂತೆ ಪಟ್ಟಿ. ಧೋತರವನ್ನು ಹಾಸಿಗೆಯ ಕೆಳಗೆ ಮಡಚಿಟ್ಟು ಮಲಗುತ್ತಿದ್ದರಂತೆ, ಬೆಳಗಾಗುವುದರೊಳಗೆ ಇಸ್ತ್ರಿ ಆದ ಹಾಗೆ. ಎಲ್ಲಕ್ಕಿಂತ ಮೇಲೆ ಆ ಕೋಟು. ಬೂದಿ ಬಣ್ಣದ ಉಣ್ಣೆ, ಹತ್ತಿರ ಹೋದರೆ ಮಾತ್ರ ಕಾಣುವ ಸಣ್ಣ ನೀಲಿ ಗೀರು, ಕೋಡಿನ ಗುಂಡಿಗಳು. ಮೇಲಿನಿಂದ ಎರಡನೆಯ ಗುಂಡಿ ಕಳೆದುಹೋಗಿ ಬೇರೆ ಹಚ್ಚಿಸಿದ್ದರು. ಅದು ಉಳಿದವಕ್ಕಿಂತ ಒಂದು ಛಾಯೆ ಕಪ್ಪು. ಬಣ್ಣದ ಮನುಷ್ಯ, ಆ ಒಂದು ಛಾಯೆ ಅವರನ್ನು ಕಾಡುತ್ತಿತ್ತಂತೆ. ಮಾತನಾಡುವಾಗ ಬೆರಳು ತಾನಾಗಿ ಆ ಗುಂಡಿಗೆ ಹೋಗಿ ಮುಚ್ಚಿಕೊಳ್ಳುತ್ತಿತ್ತು. ಜನ ಅವರನ್ನು ಪಂಪ್‌ಶೂ ಮಾಸ್ತರು ಎಂದೇ ಕರೆಯುತ್ತಿದ್ದರು. ಇದರಲ್ಲಿ ಬಹಳಷ್ಟು ನಾನು ಕಣ್ಣಾರೆ ಕಂಡದ್ದಲ್ಲ, ಚಾಳಿನವರು ಹೇಳಿ ಹೇಳಿ ಕಂಡಂತೆ ಆದದ್ದು. ಆ ವೈಭವದಲ್ಲಿ ನಾನು ಅವರನ್ನು ನೋಡಿದ್ದು ಒಂದೇ ಸಲ.

ಆ ಕೋಟಿಗೆ ಇನ್ನೊಂದು ಕೆಲಸವೂ ಇತ್ತು. ಓಣಿಯ ಯಾವ ಹುಡುಗ ಕನ್ಯಾ ನೋಡಲು ಹೊರಟರೂ ಹಿಂದಿನ ದಿನ ಮಾಸ್ತರರ ಮೆಟ್ಟಿಲು ಹತ್ತುತ್ತಿದ್ದ. ಕೋಟು ಕಡ ಕೊಡ್ರಿ, ಬೂಟು ಕಡ ಕೊಡ್ರಿ. ಆಗ ಇದು ಯಾರಿಗೂ ತಪ್ಪೆನಿಸುತ್ತಿರಲಿಲ್ಲ. ಮಾಸ್ತರರಿಗೂ ಹೆಮ್ಮೆಯೇ. ತಾವೇ ತೊಡಿಸಿ, ಭುಜ ಜಗ್ಗಿ, ಹಿಂದೆ ಸರಿದು, ಚಿತ್ರ ನೋಡಿದಂತೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರಂತೆ. "ಎಲಿ ಅಡಕಿ ಹಾಕಬ್ಯಾಡ. ಮುದ್ದಿ ಮಾಡಿ ಸುಕ್ಕ ಬೀಳಿಸಬ್ಯಾಡ. ಕೈ ಕೊಂಕಳದಾಗ ಇಟಗೋಬ್ಯಾಡ. ಉಳಿದದ್ದು ಕೋಟು ನೋಡ್ಕೋತದ" ಎಂದು ಕಳಿಸುತ್ತಿದ್ದರು. ಉಳಿದದ್ದನ್ನು ಕೋಟು ನೋಡಿಕೊಳ್ಳುತ್ತಲೂ ಇತ್ತು. ನಾಲ್ಕಾರು ಲಗ್ನಗಳು ಅದರ ಭುಜದ ಮೇಲೆಯೇ ಆದವು.

ನಮ್ಮವರೂ ಹಾಗೆಯೇ ಬಂದರು. ನನ್ನ ತವರು ಹುಬ್ಬಳ್ಳಿಯ ಆಚೆ ಗಬ್ಬೂರ. ಅಪ್ಪ ಹತ್ತಿ ಬೆಳೆಯುವವರು. ಮಾತು ಕಡಿಮೆ, ಆದರೆ ಕಣ್ಣಿಗೆ ಬಿದ್ದದ್ದನ್ನು ಮರೆಯುವವರಲ್ಲ. ಧಾರವಾಡದಿಂದ ರೈಲುಗಾಡಿಗೆ ಹುಬ್ಬಳ್ಳಿಗೆ ಬಂದು, ಅಲ್ಲಿಂದ ಟಾಂಗಾ ಮಾಡಿಕೊಂಡು ಬಂದರು. ನಮ್ಮವರು, ಅವರ ಕಾಕಾ, ಜೊತೆಗೆ ಗೆಳೆಯನೆಂದು ಮಾಸ್ತರರು. ನಮ್ಮವರಿಗೆ ಬೂಟು ದೊಡ್ಡದಾಗಿ, ಮಾಸ್ತರರು ತಮ್ಮ ತಲೆದಿಂಬಿನ ಹತ್ತಿ ಕಿತ್ತು ತುದಿಗೆ ತುಂಬಿಕೊಟ್ಟಿದ್ದರೆಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಬೂಟು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದು ಕಂಬಳಿಯ ಮೇಲೆ ಕುಳಿತರು. ನನ್ನನ್ನು ಕರೆದು ಎದುರಿಗೆ ಕೂಡಿಸಿದರು. ತಲೆ ಎತ್ತುವಂತಿಲ್ಲ. ಕಳ್ಳಗಣ್ಣಿನಲ್ಲಿ ಎಷ್ಟು ಎತ್ತಿದರೂ ನನ್ನ ನೋಟ ಕೋಟಿನ ಎರಡನೆಯ ಗುಂಡಿಯವರೆಗೆ ಹೋಗಿ ನಿಂತಿತು. ಒಂದು ಛಾಯೆ ಕಪ್ಪು ಗುಂಡಿ. ಎಂಥ ನಯವಾದ ಬಟ್ಟೆ, ಎಂಥ ಮನೆಯವರಿರಬೇಕು ಎಂದುಕೊಂಡೆ. ಅವ್ವ ಅಡಿಗೆಮನೆಯಲ್ಲಿ, "ಹ್ಯಾಂಗದಾನ ಹುಡುಗ?" ಎಂದಾಗ, "ಛಲೋ ಅದಾರ" ಎಂದೆ. ಮುಖ ನೋಡಿರಲೇ ಇಲ್ಲ. ನಾನು ಒಪ್ಪಿದ್ದು ಕೋಟಿಗೆ.

ಅವರ ಕಡೆಯವರು ಒಂದು ಸುಳ್ಳನ್ನೂ ಹೇಳಲಿಲ್ಲ, ಅದನ್ನೂ ಹೇಳಬೇಕು. ಹೊಲ ಎಷ್ಟು, ಮನೆ ಎಂಥದ್ದು ಎಂದು ನಮ್ಮ ಕಡೆಯವರು ಯಾರೂ ಕೇಳಲೇ ಇಲ್ಲ. ಅಂಥ ಕೋಟು, ಅಂಥ ಬೂಟು ಇರುವವನನ್ನು ಏನು ಕೇಳುವುದು?

ಲಗ್ನದಲ್ಲಿ ನಮ್ಮವರು ನಾವು ಕೊಟ್ಟ ರುಮಾಲು, ಶಲ್ಯದಲ್ಲಿದ್ದರು, ಕೋಟಿನ ಮಾತು ಬರಲಿಲ್ಲ. ಮಾಸ್ತರರಿಗೆ ಶಾಲೆಯ ಪರೀಕ್ಷೆ ಇತ್ತು, ಅವರು ಬಂದಿರಲಿಲ್ಲ. ನಾನು ಚಾಳಿಗೆ ಬಂದ ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುತ್ತ ಕುಳಿತಿದ್ದೆ. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ತಲೆ ತಗ್ಗಿಸಿಕೊಂಡೇ ನೋಡಿದೆ. ಕರಿ ಪಂಪ್‌ಶೂ, ಕಾಲುಚೀಲ, ಧೋತರದ ಅಂಚು, ಬೂದಿ ಬಣ್ಣದ ಕೋಟು, ಕಪ್ಪು ಗುಂಡಿ. ನಮ್ಮವರು ಯಾವಾಗ ಮೇಲೆ ಹೋದರು ಎಂದು ನಗುತ್ತ ಮುಖ ಎತ್ತಿದರೆ, ಬೇರೆ ಯಾರೋ ಗಂಡಸು! ತಿರುಗಿ ನೋಡಿದರೆ ಒಳಗೆ ನಮ್ಮವರು ಹರಕು ಬನಿಯನ್ನಿನಲ್ಲಿ ಹಲ್ಲು ತಿಕ್ಕುತ್ತಿದ್ದರು. ನನ್ನ ಕೈಯ ರಂಗೋಲಿ ಹಿಟ್ಟೆಲ್ಲ ಒಂದೇ ಕಡೆ ಸುರಿದುಹೋಯಿತು.

ನನ್ನ ಮುಖದಲ್ಲಿ ಆಗ ಏನಿತ್ತೋ ನನಗೆ ಗೊತ್ತಿಲ್ಲ. ಮಾಸ್ತರರು ಅದನ್ನು ನೋಡಿದರು. ಬೆರಳು ಗುಂಡಿಯ ಮೇಲೆ ಹೋಯಿತು, ಅಲ್ಲೇ ನಿಂತಿತು. "ಅಯ್ಯ" ಎಂದರು, ಅಷ್ಟೇ. ತಿರುಗಿ ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಬರೀ ಅಂಗಿಯಲ್ಲಿ, ಬರಿಗಾಲಲ್ಲಿ ಇಳಿದು, ನನ್ನ ಕಡೆ ನೋಡದೆ ಶಾಲೆಗೆ ಹೋದರು. ದೇಶ ಕರೆದ ದಿನ ಅದೇ.

ಸಂಜೆ ನಮ್ಮವರನ್ನು ಕೇಳಿದೆ. ನಕ್ಕುಬಿಟ್ಟರು. "ಅದು ಮಾಸ್ತರ ಕೋಟು. ಎಲ್ಲಾರೂ ಹಂಗ ಮಾಡ್ತಾರ. ನಿಂಗ ಬೇಕಾದ್ದು ಕೋಟೋ ನಾನೋ?" ಎಂದರು. ನಮ್ಮವರು ಕೆಟ್ಟವರಲ್ಲ. ನಗುವ ಮನುಷ್ಯ. ನಕ್ಕರೆ ಆಯಿತು, ಮುಗಿಯಿತು ಎಂದು ತಿಳಿದವರು. ನಾನೂ ನಕ್ಕೆ, ಅಳುವುದಕ್ಕೆ ಹೊಸ ಮನೆಯಲ್ಲಿ ಮೂಲೆ ಗೊತ್ತಿರಲಿಲ್ಲ.

ಮರುದಿನ ಮಾಸ್ತರರು ನಮ್ಮ ಹೊಸ್ತಿಲ ಆಚೆ ಬಂದು ನಿಂತು, ಅತ್ತಿಗೆಯನ್ನು ಕರೆದಂತೆ ಕರೆದರು.

"ವೈನೀ, ನನ್ನಿಂದ ತಪ್ಪಾತ್ರಿ."

"ಇರ್ಲಿ ಬಿಡ್ರಿ" ಎಂದೆ.

"ನಾ ಬರೇ ಕೋಟು ಕೊಡಾಕತ್ತೇನಿ ಅಂತ ತಿಳಿದಿದ್ದೆ. ಅದು ಅಲ್ಲಿ ಹೋಗಿ ಏನು ಮಾತಾಡ್ತದ ಅಂತ ವಿಚಾರ ಮಾಡ್ಲಿಲ್ಲ. ನಿನ್ನೆ ನಿಮ್ಮ ಮಾರಿ ನೋಡಿದ ಮ್ಯಾಲ ತಿಳೀತು."

"ಇರ್ಲಿ ಬಿಡ್ರಿ ಅಂದ್ನೆಲ್ಲಾ."

ಆ ಎರಡನೆಯ 'ಇರಲಿ ಬಿಡ್ರಿ' ಎಷ್ಟು ಖಾರವಾಗಿತ್ತೆಂದರೆ, ಅದರ ಮೇಲೆ ಅವರು ನಮ್ಮ ಹೊಸ್ತಿಲು ದಾಟಲಿಲ್ಲ. ಹಬ್ಬಕ್ಕೆ ಕರೆದರೆ ಬಂದು ಹೊರಗೆ ನಿಲ್ಲುವರು. ಹೋಳಿಗೆ ಕೊಟ್ಟರೆ, "ಹೊಟ್ಟಿ ಛಲೋ ಇಲ್ರಿ" ಎನ್ನುವರು. ನೀರು ಕೇಳಿ ಕುಡಿಯುವರು, ಅದೂ ಹೊರಗೆ ನಿಂತೇ. ಬೇಡಿಕೊಳ್ಳುವುದು ನನಗೂ ಬರುತ್ತಿರಲಿಲ್ಲ.

ಕೋಟು ಟ್ರಂಕಿಗೆ ಹೋಯಿತು, ಡಾಂಬರ ಗುಳಿಗೆಯ ಜೊತೆ. ಮುಂದೆ ಯಾರೋ ಹುಡುಗ ಕಡ ಕೇಳಲು ಬಂದಾಗ ಮೇಲಿನಿಂದ ಅವರ ದನಿ ಕೇಳಿಸಿತು. "ನಿನ್ನ ಅಂಗೀನ ಒಕ್ಕೊಂಡು ಹೋಗೋ ತಮ್ಮಾ. ಆಕಿ ನಿನ್ನ ನೋಡ್ಲಿ." ತಾವು ಗೋಣಿಯಂಥ ದಪ್ಪ ಖಾದಿ ತಂದು ಹೊಲಿಸಿಕೊಂಡರು. ಯಾಕ್ರಿ ಮಾಸ್ತರ ಎಂದು ಒಮ್ಮೆ ಕೇಳಿದ್ದಕ್ಕೆ, "ಇದನ್ನ ನೋಡಿ ಯಾರೂ ಮೋಸ ಹೋಗೂದಿಲ್ಲ ನೋಡ್ರಿ ವೈನೀ" ಎಂದರು.

ಊರಿಗೆ ಕಂಡದ್ದೇ ಬೇರೆ. ಆಗ ಬೆಳಗಿನ ಜಾವ ಪ್ರಭಾತಫೇರಿ ಹೊರಡುವ ಕಾಲ, ಬಿಳಿ ಟೊಪ್ಪಿಗೆಗಳ ಕಾಲ. ಪಂಪ್‌ಶೂ ಮಾಸ್ತರರೇ ಖಾದಿಗೆ ಇಳಿದರು, ಬರಿಗಾಲಾದರು ಎಂದರೆ ಸಾಮಾನ್ಯವೇ? ಹುಡುಗರು ಬಂದು ನೂಲಿನ ಹಾರ ಹಾಕಿ, ಜೈ ಎಂದು ಕೂಗಿ ಹೋದರು. ಮಾಸ್ತರರು ಆ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಮುಖ ಬಾಡಿತ್ತು. "ನೋಡ್ರಿ ವೈನೀ, ಇದೂ ಕಡಾ ತಂದ ಕೋಟ ಆತು. ಬ್ಯಾಡ ಅಂದ್ರ ಕೇಳವಲ್ರು, ಖರೇ ಹೇಳಿದ್ರ ನಿಮ್ಮ ಮನಿ ಮಾತು ಹೊರಗ ಬರ್ತದ" ಎಂದರು. ನನಗೆ ಆಗ ನಗೆ ಬಂತು.

ಆ ಮನುಷ್ಯ ಅಷ್ಟು ಸಂಕಟಪಡಲು ಕಾರಣ ನಾನೊಬ್ಬಳೇ ಅಲ್ಲ. ಅಪ್ಪನ ಮಾತು ಇಲ್ಲಿ ಹೇಳಬೇಕು. ಮೊದಲ ದೀಪಾವಳಿಗೆ ಗಬ್ಬೂರಿಗೆ ಹೋದೆವು. ಎಣ್ಣೆ ಸ್ನಾನ ಆಯಿತು, ಊಟ ಆಯಿತು. ಕಟ್ಟೆಯ ಮೇಲೆ ಕುಳಿತು ಅಪ್ಪ ಕೇಳಿದರು.

"ಅಳಿಯಂದ್ರ, ಆ ಕೋಟು ಹಾಕ್ಕೊಂಡು ಬರಲಿಲ್ಲೇನ್ರಿ? ಬಾಳ ಛಲೋ ಕಾಣ್ತಿತ್ತು."

ನಮ್ಮವರು ತಡವರಿಸಲೂ ಇಲ್ಲ. "ಅಗಸರ ಮನಿಗೆ ಹಾಕೇನ್ರಿ ಮಾವಾ."

ಅಪ್ಪ ನನ್ನ ಕಡೆ ತಿರುಗಿದರು. "ಹೌದೇನ ಯವ್ವಾ?"

ಗಂಡನ ಮಾನ ಉಳಿಸಬೇಕೆಂದು ತಲೆ ಅಲ್ಲಾಡಿಸಿದೆ.

"ಆತು. ಬರ್ಲಿ ಹಂಗಾರ" ಎಂದರು ಅಪ್ಪ. "ಕೋಟು ಅಗಸರ ಮನಿಯಿಂದ ಬಂದ ಮ್ಯಾಲ ನಾನೂ ನಿಮ್ಮ ಮನಿಗೆ ಬರ್ತೇನಿ."

ಎಲ್ಲರೂ ನಕ್ಕರು. ಆದರೆ ಅಪ್ಪ ಬರಲಿಲ್ಲ. ಜೋಳದ ಚೀಲ ಬರುತ್ತಿತ್ತು, ಹಬ್ಬಕ್ಕೆ ಕರೆಯಲು ಅಣ್ಣ ಬರುತ್ತಿದ್ದ, ಅಪ್ಪ ಮಾತ್ರ ಧಾರವಾಡದ ಕಡೆ ಮುಖ ಮಾಡಲಿಲ್ಲ. ನಾವು ಹೋದಾಗಲೆಲ್ಲ ಅದೇ ಮಾತು: "ಕೋಟು ಬಂತೇನ್ರಿ ಅಗಸರ ಮನಿಯಿಂದ?" ನಮ್ಮವರು ನಕ್ಕು, "ಇನ್ನೂ ಇಲ್ರಿ" ಎನ್ನುವರು. ನನ್ನ ಮಗ ಹುಟ್ಟಿದ, ತೊಟ್ಟಿಲಿಗೆ ಬರಲಿಲ್ಲ. ಅಪ್ಪನನ್ನು ಬಿಟ್ಟು ಅವ್ವ ಹೊರಡುವವಳಲ್ಲ. ಒಂದು ಶ್ರಾವಣದಲ್ಲಿ ಜ್ವರ ಬಂದು ಅವ್ವ ತೀರಿಕೊಂಡಳು. ಮಗಳ ಒಲೆ ಎಲ್ಲಿದೆ, ನೀರು ಎಲ್ಲಿಂದ ತರುತ್ತಾಳೆ, ಒಂದನ್ನೂ ನೋಡದೆ ಹೋದಳು. ಅದು ಇಂದಿಗೂ ನನ್ನ ಎದೆಯಲ್ಲಿ ಮುಳ್ಳಾಗಿ ಕುಳಿತಿದೆ.

ಇದೆಲ್ಲ ಮಾಸ್ತರರಿಗೆ ಗೊತ್ತಿತ್ತು. ಅಗಸರ ಮನೆಯ ಮಾತನ್ನು ನಮ್ಮವರೇ ನಗುತ್ತ ಅವರಿಗೆ ಹೇಳಿದ್ದರು. ಅವರು ನಗಲಿಲ್ಲ. "ನಾ ಹೋಗಿ ಹೇಳಿ ಬರ್ತೇನಿ, ಕೋಟು ನಂದು ಅಂತ" ಎಂದರು. "ಏ, ನನ್ನ ಮಾನಾ ಕಳೀಬ್ಯಾಡ ಮಾರಾಯಾ" ಎಂದು ನಮ್ಮವರು ಆಣೆ ಹಾಕಿಸಿಕೊಂಡರು. ಅವ್ವ ಸತ್ತ ಮೇಲೆ ಮತ್ತೆ ಕೇಳಿದರು. "ಈಗ ಹೇಳಿದ್ರ ಇನ್ನೂ ಕೆಟ್ಟ ಕಾಣ್ತದ" ಎಂದರು ನಮ್ಮವರು. ನಾನು ಅಲ್ಲೇ ಅಕ್ಕಿ ಆರಿಸುತ್ತ ಕುಳಿತಿದ್ದೆ. ಹೋಗಿ ಹೇಳ್ರಿ ಎಂದು ನನ್ನ ಬಾಯಿಂದಲೂ ಬರಲಿಲ್ಲ. ಅಪ್ಪನ ಎದುರು ತಲೆ ಅಲ್ಲಾಡಿಸಿದವಳು ನಾನೇ ಅಲ್ಲವೇ?

ಊರ ಉಡುಗೆ ಬದಲಾಗುತ್ತ ಹೋಯಿತು. ಖಣದ ಕುಬುಸ ಹೋಗಿ ತೋಳು ಉಬ್ಬಿದ ಪೋಲಕ ಬಂತು. ಕಚ್ಚೆ ಸೀರೆ ಬಿಟ್ಟು ಕಲಿತ ಹೆಣ್ಣುಮಕ್ಕಳು ಗೋಲ ಸೀರೆ ಉಡತೊಡಗಿದರು. ಹುಡುಗರಿಗೆ ಬಿಳಿ ಕ್ಯಾನ್ವಾಸ್ ಬೂಟು, ಅದಕ್ಕೆ ಬಳಿಯಲು ಸುಣ್ಣದಂಥದೊಂದು. ಮಾಸ್ತರರು ತಾವು ಬರಿಗಾಲಲ್ಲಿದ್ದರೂ ಇದನ್ನೆಲ್ಲ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಒಳಗಿನ ಮನುಷ್ಯ ಎಲ್ಲಿ ಹೋಗುತ್ತಾನೆ? ನನಗೆ ಮೊದಲ ಚಪ್ಪಲಿ ಹಾಕಿಸಿದವರೂ ಅವರೇ. ನನ್ನ ಕಾಲಿಗೆ ಜಾಲಿಮುಳ್ಳು ಹೊಕ್ಕು ಕುಂಟುತ್ತಿದ್ದೆ. ಹೊಸ್ತಿಲ ಆಚೆ ನಿಂತು, "ವೈನೀ, ಮುಳ್ಳಿಗೆ ಹೆಣ್ಣು ಗಂಡು ತಿಳಿಯೂದಿಲ್ರಿ. ಒಂದ್ ಜೋಡ ತರಿಸ್ಕೋರಿ" ಎಂದರು. "ಮತ್ತ ನಿಮಗ್ರಿ?" ಎಂದೆ. ಪಾದ ನೋಡಿಕೊಂಡರು, ಹಿಮ್ಮಡಿ ಒಡೆದು ಬಾಯಿ ಬಿಟ್ಟಿತ್ತು. "ನಂದು ಬ್ಯಾರೆ ಲೆಕ್ಕ" ಎಂದು ಹೊರಟುಹೋದರು. ಚಪ್ಪಲಿ ತರಿಸಿಕೊಂಡೆ. ಓಣಿಯಲ್ಲಿ ಹಿರಿಯರು ಕಂಡರೆ ಕಾಲಿಂದ ಕಳಚಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ. ಒಂದು ವರ್ಷದಲ್ಲಿ ಓಣಿಯ ಹೆಂಗಸರೆಲ್ಲ ಹಾಗೆ ನಿಲ್ಲತೊಡಗಿದರು, ಆಮೇಲೆ ಯಾರೂ ಕಳಚಲಿಲ್ಲ.

ಯುದ್ಧ ಬಂತು. ಬಟ್ಟೆಗೆ ಕಂಟ್ರೋಲು ಬಂತು. ಪಾಳಿ ಹಚ್ಚಿ ನಿಂತರೆ ಸಿಗುವುದು ಜಾಳು ಜಾಳು ಬಟ್ಟೆ, ಅದೂ ಎಲ್ಲರಿಗೂ ಒಂದೇ ಬಣ್ಣದ್ದು. ಇಡೀ ಓಣಿ ಒಂದೇ ಥಾನಿನ ಬಟ್ಟೆ ತೊಟ್ಟುಕೊಂಡು ತಿರುಗಿತು. ಟಾಯರಿನ ಚಪ್ಪಲಿ ಬಂದದ್ದು ಆಗಲೇ. ಹಳೆಯ ಕೋಟನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ತಿರುವಿ ಹೊಲಿಸುವ ಕೆಲಸಕ್ಕೆ ಸಿಂಪಿಗರಿಗೆ ಬಿಡುವಿರಲಿಲ್ಲ. ನನ್ನ ಮಗ ಆಗ ಶಾಲೆಯಲ್ಲಿ ಮೂರನೆಯ ಇಯತ್ತೆ. ದೀಪಾವಳಿಗೆ ಅವನಿಗೆ ಒಂದು ಅಂಗಿಯೂ ಹೊಲಿಸಲಾಗಲಿಲ್ಲವೆಂದು ನಾನು ಬೇಸರದಿಂದ ಕುಳಿತಿದ್ದೆ. ಮಾಸ್ತರರು ಹೊಸ್ತಿಲಿಗೆ ಬಂದು ಒಂದು ಗಂಟು ಚಾಚಿದರು.

ಬಿಚ್ಚಿದೆ. ಬೂದಿ ಬಣ್ಣದ ಸಣ್ಣ ಕೋಟು. ನೀಲಿ ಗೀರು. ಕೋಡಿನ ಗುಂಡಿಗಳು, ಅವುಗಳಲ್ಲಿ ಎರಡನೆಯದು ಒಂದು ಛಾಯೆ ಕಪ್ಪು.

"ಕತ್ತರಿಸಿಬಿಟ್ರೇನ್ರಿ ಮಾಸ್ತರ!" ಎಂದೆ.

"ಈ ಕೋಟು ನಿಮ್ಮ ಮನೀದು ಅಂತ ಒಮ್ಮೆ ಸುಳ್ಳು ಹೇಳಿತ್ತಲ್ರಿ. ಈಗ ಖರೇನ ನಿಮ್ಮ ಮನೀದು ಆಗ್ಲಿ" ಎಂದರು. ಆಮೇಲೆ ನಮ್ಮವರ ಕಡೆ ತಿರುಗಿ, "ನಾ ಆಣಿ ಮುರಿಯೂದಿಲ್ಲ. ಬಾಯಿಲೇ ಏನೂ ಹೇಳೂದಿಲ್ಲ. ಆದ್ರ ಈ ಸಲಾ ನಾನೂ ಗಬ್ಬೂರಿಗೆ ಬರ್ತೇನಿ" ಎಂದರು. ಬೇಡವೆನ್ನಲು ಆ ಮುಖ ನೋಡಿ ನಮ್ಮವರಿಗೆ ಧೈರ್ಯ ಬರಲಿಲ್ಲ.

ಗಬ್ಬೂರಿನ ಮನೆಯ ಮುಂದೆ ಟಾಂಗಾ ನಿಂತಿತು. ಮಗ ಕೋಟಿನಲ್ಲಿ ಓಡಿಹೋಗಿ ಅಜ್ಜನ ತೊಡೆಗೆ ಬಿದ್ದ. ಅಪ್ಪ ಅವನನ್ನು ಎತ್ತಿಕೊಳ್ಳಲು ಹೋದವರು ನಿಂತರು. ಕೋಟಿನ ಅಂಚನ್ನು ಬೆರಳ ನಡುವೆ ಹಿಡಿದು ಹೊಸಕಿದರು, ಹತ್ತಿಯ ಎಳೆ ನೋಡುವಂತೆ. ಎರಡನೆಯ ಗುಂಡಿಯ ಮೇಲೆ ಹೆಬ್ಬೆರಳಿಟ್ಟರು.

"ಅಂತೂ ಅಗಸರ ಮನಿಯಿಂದ ಬಂತು ನೋಡ್ರಿ" ಎಂದರು. ನೋಡಿದ್ದು ಅಳಿಯನ ಕಡೆ ಅಲ್ಲ, ಬರಿಗಾಲಲ್ಲಿ ದೂರ ನಿಂತಿದ್ದ ಮಾಸ್ತರರ ಕಡೆ.

ಮಾಸ್ತರರು ಬಾಯಿ ತೆರೆಯಲಿಲ್ಲ, ಆಣೆ ಇತ್ತಲ್ಲ. ಸುಮ್ಮನೆ ಮುಂದೆ ಬಂದು ಅಪ್ಪನ ಕಾಲಿಗೆ ಬಗ್ಗಿದರು. ಅಪ್ಪ ಭುಜ ಹಿಡಿದು ಎತ್ತಿದರು.

"ನೀವ್ಯಾಕ್ರಿ ಬೀಳ್ತೀರಿ? ಆ ದಿನಾನ ಗೊತ್ತಿತ್ತು ನನಗ. ಅಳಿಯಂದ್ರು ಕಂಬಳಿ ಮ್ಯಾಲ ಕೂಡೂ ಮುಂದ ನೀವು ಕೈ ಚಾಚಿ ಕೋಟಿನ ಹಿಂದಿನ ಸೆರಗು ಎತ್ತಿ ಹಿಡಿದ್ರಿ, ಮುದ್ದಿ ಆಗಬಾರ್ದು ಅಂತ. ಮಂದಿ ಕೋಟಿಗೆ ಯಾರರೇ ಹಂಗ ಕೈ ಚಾಚ್ತಾರೇನ್ರಿ? ಹೊರಗ ಬಂದು ನೋಡಿದ್ರ ಬೂಟಿನ್ಯಾಗ ಹತ್ತಿ. ಹತ್ತಿ ಬೆಳ್ಯಾವ ನಾನು, ಅದೂ ಕಾಣೂದಿಲ್ಲೇನು?"

"ಮತ್ತ ಹೆಣ್ಣು ಯಾಕ ಕೊಟ್ರಿ?" ಮಾಸ್ತರರ ದನಿ ಕೇಳಿಸದಷ್ಟು ಸಣ್ಣಗಿತ್ತು.

"ನಾನೂ ಮಂದಿ ರುಮಾಲ ಸುತಗೊಂಡು ಹೋಗಿ ಈಕಿ ಅವ್ವನ್ನ ನೋಡಿ ಬಂದಾವ. ಲಗ್ನಾದ ಮ್ಯಾಲ ಮಾವಗ ಹೇಳಿದೆ, ಇಬ್ಬರೂ ಬಿದ್ದು ಬಿದ್ದು ನಕ್ಕಿವಿ. ಇವರೂ ಹೇಳ್ತಾರ, ನಗೋಣು ಅಂತ ದೀಪಾವಳಿಗೆ ಕೇಳಿದೆ. ಅಗಸರ ಮನಿ ಅಂದ್ರು. ಮಗಳೂ ಹೌದು ಅಂದ್ಲು." ಅಪ್ಪ ಮೊಮ್ಮಗನ ಕೋಟಿನ ಕಾಲರು ಸರಿಮಾಡಿದರು. "ನಂದೂ ತಪ್ಪೈತಿ. ಹಟಕ್ಕ ಬಿದ್ದೆ. ಈಕಿ ಅವ್ವ ಇದ್ದಾಗರೇ ಬಿಡಬೇಕಾಗಿತ್ತು."

ನಮ್ಮವರು ಟಾಂಗಾದವನ ಜೊತೆ ಏನೋ ಮಾತಿಗೆ ನಿಂತಿದ್ದರು, ಅಥವಾ ನಿಂತಂತೆ ಮಾಡಿದರು. ನಾನು ಕಟ್ಟೆಯ ಕಂಬ ಹಿಡಿದು ಅತ್ತೆ. ಹನ್ನೆರಡು ವರ್ಷದಲ್ಲಿ ನಾವು ಗಂಡ ಹೆಂಡತಿ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಲಿಲ್ಲ. ಆಡದ ಮಾತಿಗೆ ಆ ಮೂರನೆಯ ಮನುಷ್ಯ ಬರಿಗಾಲಲ್ಲಿ ನಡೆದ.

ಆ ದಿನ ಮಾಸ್ತರರು ನಮ್ಮಪ್ಪನ ಪಂಕ್ತಿಯಲ್ಲಿ ಕುಳಿತು ಉಂಡರು. ಹೊರಡುವಾಗ ಅಪ್ಪ ತುದಿ ಮುಚ್ಚಿದ ತಮ್ಮ ಕೆರವು ತಂದು ಅವರ ಮುಂದಿಟ್ಟರು. "ಹಾಕ್ಕೊಳ್ರಿ. ನಿಮಗ ದೊಡ್ಡವಾಗ್ತಾವ. ಹತ್ತಿಗೇನು, ನಮ್ಮ ಮನ್ಯಾಗ ಬ್ಯಾಕಾದಷ್ಟೈತಿ" ಎಂದು ಒಂದು ಮುಷ್ಟಿ ಹತ್ತಿ ಕೊಟ್ಟರು. ಮಾಸ್ತರರು ನಕ್ಕರು, ಅಳುತ್ತಲೂ ಇದ್ದರು. ಅಲ್ಲೇ ಕುಳಿತು ತುದಿಗೆ ಹತ್ತಿ ಸೇರಿಸಿ ಕಾಲಿಗೆ ಹಾಕಿಕೊಂಡರು. ಮುಂದಿನ ತಿಂಗಳು ಅಪ್ಪ ಮೊದಲ ಸಲ ನನ್ನ ಮನೆಗೆ ಬಂದರು. ಒಲೆಯ ಮುಂದೆ ನಿಂತು ಬಹಳ ಹೊತ್ತು ನೋಡಿದರು, ಅವ್ವನಿಗೂ ಸೇರಿಸಿ ನೋಡಿದಂತೆ.

ಆಮೇಲೆ ಮಾಸ್ತರರು ಬೇರೆ ಕೆರವು ಕೊಳ್ಳಲಿಲ್ಲ. ಅಟ್ಟೆ ಬದಲಿಸಿ ಬದಲಿಸಿ ಅದನ್ನೇ ಮೆಟ್ಟಿದರು. ಎರಡು ಬೆರಳು ಉದ್ದ, ನಡೆದರೆ ಟಪ್ ಟಪ್ ಎಂದು ಹಿಮ್ಮಡಿಗೆ ಬಡಿಯುತ್ತಿತ್ತು. ನಮ್ಮ ಹೊಸ್ತಿಲಲ್ಲಿ ಅದನ್ನು ಬಿಟ್ಟು ಒಳಗೆ ಬಂದು, ನನ್ನ ಕೈಯ ರೊಟ್ಟಿ ತಿಂದು, "ವೈನೀ, ಖಾರ ಹೆಚ್ಚಾತು" ಎನ್ನುವಷ್ಟು ಸಲಿಗೆ ಬಂತು. ಆದರೂ ಹಾಕಿದ್ದು ಖಾದಿಯೇ. ಒಮ್ಮೆ ನಾನು, ಎಲ್ಲಾ ಮುಗೀತಲ್ರಿ, ಇನ್ನರೇ ಒಂದು ಛಲೋ ಕೋಟು ಹೊಲಿಸ್ಕೋರಿ ಎಂದೆ. "ನಿಮ್ಮಪ್ಪಾರು ದೊಡ್ಡ ಮನಿಶ್ಯಾರು. ಅದಕ್ಕ ನನ್ನ ತಪ್ಪು ಸಣ್ಣದಾಗೂದಿಲ್ರಿ. ನಿಮ್ಮವ್ವಾರು ಬರಲಿಲ್ಲಲ್ಲಾ" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಸಭೆ ಮುಗಿಯಿತು. ಹಾಲಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಮ್ಮವರು ಒಂದನ್ನು ಹಾಕಿಕೊಂಡು ಇನ್ನೊಂದನ್ನು ಕಾಲಿನಿಂದಲೇ ಹುಡುಕುತ್ತ, "ಹ್ಯಾಂಗಾತು ಭಾಷಣಾ?" ಎಂದರು.

"ಕೋಟು ಇನ್ನೂ ಅಗಸರ ಮನ್ಯಾಗ ಐತೇನ್ರಿ?" ಎಂದೆ.

ಹುಡುಕುತ್ತಿದ್ದ ಕಾಲು ನಿಂತಿತು. ರಾತ್ರಿ ಮನೆಯಲ್ಲಿ ಊಟಕ್ಕೆ ಕುಳಿತು, ತುತ್ತು ಕೈಯಲ್ಲಿ ಹಿಡಿದುಕೊಂಡು ಹೇಳಿದರು. "ಬಾಯಿಗೆ ಬರವಲ್ದು ಅದು. ಇಷ್ಟ ವರ್ಷ ಆತು, ಬರವಲ್ದು. ನೀ ಬರದು ಕೊಡು. ಸೋಮವಾರ ಎಲ್ಲಾ ಮಾಸ್ತರ ಮುಂದ ನಾ ಓದ್ತೇನಿ."

ನಾಲ್ಕನೆಯ ಇಯತ್ತೆ ಓದಿದವಳು ನಾನು. ಮಿಕ್ಕದ್ದು ಮಾಸ್ತರರು ಹೊಸ್ತಿಲ ಆಚೆಯಿಂದ ಚಾಚಿದ ಪುಸ್ತಕಗಳಿಂದ ಬಂದದ್ದು. ಆ ಅಕ್ಷರದಲ್ಲೇ ಇಲ್ಲಿಯವರೆಗೆ ಬರೆದು ಹಾಳೆಗಳನ್ನು ನಮ್ಮವರ ಕೈಗೆ ಕೊಟ್ಟಿದ್ದೇನೆ. ಕನ್ನಡಕ ಹಾಕಿಕೊಂಡು ಎದುರಿಗೆ ಕುಳಿತು ಓದುತ್ತಿದ್ದಾರೆ. ಮೊದಲು ಒಂದೆರಡು ಕಡೆ ನಕ್ಕರು. ಈಗ ಆ ಮೊದಲ ದೀಪಾವಳಿಯ ಹಾಳೆಗೆ ಬಂದಿದ್ದಾರೆ. ಬಹಳ ಹೊತ್ತಾಯಿತು, ಹಾಳೆ ತಿರುವುತ್ತಿಲ್ಲ.